ಜಪಸರ ಹಿಡಿದ ಹುಡುಗಿ ಮತ್ತು ಅವಳ ಮೊದಲ ಪ್ರಶ್ನೆ: ಒಂದು ಪ್ರಕರಣ ಅಧ್ಯಯನ

ಇದು ಕರಾವಳಿಯ ಒಂದು ಕಥೊಲಿಕ ಕುಟುಂಬದ ವಿಷಯ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಇಗರ್ಜಿ, ಶಾಲೆ ಯಾವುದರ ಹೆಸರೂ ಇಲ್ಲಿಲ್ಲ. ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹುಡುಗಿಯನ್ನು ಜೆನಿ ಅಂತ ಕರೆಯೋಣ. ನಾನು ಕಿವಿ ಕೇಳದ ಮಕ್ಕಳಿಗೆ ಪಾಠ ಮಾಡುವವಳು, ಕೆಲವು ಕಡೆ ಪೂಜೆಯ ಹೊತ್ತಲ್ಲಿ ಸನ್ನೆ ಭಾಷೆಗೆ ಅನುವಾದವನ್ನೂ ಮಾಡುತ್ತೇನೆ. ಇಂಥದ್ದೇ ಪರಿಸ್ಥಿತಿಯಲ್ಲಿರುವ ತಂದೆತಾಯಿ, ಧರ್ಮೋಪದೇಶದ ಶಿಕ್ಷಕರು, ಪಾದ್ರಿಗಳು ಓದಲಿ ಅನ್ನುವುದೇ ಈ ಬರಹದ ಉದ್ದೇಶ.

ಮನೆ ಮತ್ತು ಅದರ ಭಾಷೆಗಳು

ಜೆನಿಯ ಮನೆಯಲ್ಲಿ ಅಮ್ಮ, ಅಜ್ಜಿ, ಅಣ್ಣ. ಅಪ್ಪ ಗಲ್ಫ್‌ನಲ್ಲಿ ಕೆಲಸ, ರಜೆಯಲ್ಲಿ ಮಾತ್ರ ಊರಿಗೆ ಬರುತ್ತಾರೆ. ಮನೆಮಾತು ಕೊಂಕಣಿ, ಪೂಜೆಯೂ ಕೊಂಕಣಿಯಲ್ಲೇ. ಶಾಲೆಯಲ್ಲಿ ಕನ್ನಡ, ಅಂಗಡಿ ಮತ್ತು ನೆರೆಹೊರೆಯಲ್ಲಿ ತುಳು. ಕರಾವಳಿಯ ಮಕ್ಕಳು ಇದನ್ನೆಲ್ಲ ಸುಮ್ನೆ ಕೇಳಿಸಿಕೊಂಡೇ ಕಲಿತುಬಿಡುತ್ತಾರೆ. ಜೆನಿಗೆ ಇವುಗಳಲ್ಲಿ ಒಂದೂ ದಕ್ಕಲಿಲ್ಲ.

ಎರಡೂವರೆ ವರ್ಷಕ್ಕೆ ಕಿವಿಯ ಪರೀಕ್ಷೆ ಆಯಿತು. ಶ್ರವಣ ನರ ಸರಿಯಾಗಿ ಬೆಳೆದಿಲ್ಲ, ಶಸ್ತ್ರಚಿಕಿತ್ಸೆ ಮಾಡಿ ಕಿವಿಯೊಳಗೆ ಕೂರಿಸುವ ಸಾಧನ, ಕಾಕ್ಲಿಯರ್ ಇಂಪ್ಲಾಂಟ್, ಹಾಕಿದರೂ ಜಾಸ್ತಿ ಪ್ರಯೋಜನ ಆಗಲಾರದು ಅಂತ ವೈದ್ಯರು ಹೇಳಿದರು. ಹಿಯರಿಂಗ್ ಏಡ್ ಹಾಕಿಸಿದರು. ಸ್ಪೀಚ್ ಥೆರಪಿ ಶುರುವಾಯಿತು. ಅಲ್ಲಿ ಎರಡು ಸಲಹೆ ಸಿಕ್ಕಿತು. ಮನೆಯಲ್ಲಿ ಒಂದೇ ಭಾಷೆ ಮಾತಾಡಿ. ಕೈಸನ್ನೆ ಮಾಡಬೇಡಿ, ಮಾಡಿದರೆ ಮಾತು ಬರುವುದಿಲ್ಲ. ಶಾಲೆಗೆ ಬೇಕಾಗುತ್ತದೆ ಅಂತ ಕನ್ನಡ ಆರಿಸಿಕೊಂಡರು. ಕನ್ನಡ ಅಷ್ಟಾಗಿ ಬಾರದ ಅಜ್ಜಿ ಮೊಮ್ಮಗಳ ಹತ್ತಿರ ಮಾತಾಡುವುದನ್ನೇ ನಿಲ್ಲಿಸಿದರು.

ಕೈಸನ್ನೆ ಬೇಡ ಅನ್ನುವ ಮಾತು ಆ ಥೆರಪಿಸ್ಟ್ ಒಬ್ಬರದ್ದೇ ಅಲ್ಲ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಕರ ಸಮಾವೇಶವೊಂದು ಸನ್ನೆ ಭಾಷೆಯನ್ನು ಶಾಲೆಯಿಂದ ಹೊರಗಿಡಬೇಕು ಅಂತ ನಿರ್ಣಯ ಮಾಡಿತು. ಅದು ತಪ್ಪು ಅಂತ ಅದೇ ಪರಂಪರೆಯ ಸಮಾವೇಶ ವಿಷಾದ ವ್ಯಕ್ತಪಡಿಸಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ. ನಡುವೆ 130 ವರ್ಷ ಹೋಗಿತ್ತು. ಆ ನಿರ್ಣಯದ ನೆರಳು ನಮ್ಮ ಊರಿನ ಥೆರಪಿ ಕೋಣೆಗಳವರೆಗೂ ಬಂದಿದೆ. ಕಿವುಡ ಮಕ್ಕಳಲ್ಲಿ 100ಕ್ಕೆ 90ಕ್ಕೂ ಹೆಚ್ಚು ಮಂದಿ ಹುಟ್ಟುವುದು ಕಿವಿ ಕೇಳುವ ತಂದೆತಾಯಿಗೆ. ಅವರಿಗೆ ಸನ್ನೆ ಭಾಷೆ ಬರುವುದಿಲ್ಲ, ಬೇಡ ಅಂತ ಯಾರಾದರೂ ಹೇಳಿದರೆ ನಂಬಿಬಿಡುತ್ತಾರೆ.

ಸಮಸ್ಯೆ ಯಾರಿಗೂ ಕಾಣಲಿಲ್ಲ

ನಾನು ಈ ಮನೆಗೆ ಮೊದಲು ಹೋದಾಗ ಜೆನಿಗೆ ಎಂಟು ವರ್ಷ. ಮಗುವಿನ ಭಕ್ತಿಯ ಬಗ್ಗೆ ಮನೆಯವರಿಗೆ ಯಾವ ಚಿಂತೆಯೂ ಇರಲಿಲ್ಲ. ಸಂಜೆ ಜಪಸರಕ್ಕೆ (ಮಣಿ ಎಣಿಸುತ್ತಾ ಹೇಳುವ ಪ್ರಾರ್ಥನೆಗೆ) ಎಲ್ಲರಿಗಿಂತ ಮೊದಲು ಬಂದು ಕೂರುತ್ತಾಳೆ, ಶಿಲುಬೆ ಗುರುತು ಸರಿಯಾಗಿ ಹಾಕುತ್ತಾಳೆ, ಮಾತೆ ಮರಿಯಳ ಜನ್ಮದಿನದ ಮೊಂತಿ ಹಬ್ಬಕ್ಕೆ ಒಂಬತ್ತು ದಿನವೂ ಬುಟ್ಟಿ ತುಂಬ ಹೂ ಕೊಯ್ದು ಮಾತೆಯ ಪ್ರತಿಮೆಗೆ ಹಾಕುತ್ತಾಳೆ, 'ನಮ್ಮ ತಂದೆಯೇ' ಜಪವನ್ನು ಅರ್ಧದವರೆಗೂ ಬಾಯಲ್ಲಿ ಹೇಳುತ್ತಾಳೆ ಅಂತ ಅಮ್ಮ ಹೆಮ್ಮೆಯಿಂದ ಹೇಳಿದರು. ಆ ಜಪವನ್ನು ಕನ್ನಡಿ ಮುಂದೆ ಕೂರಿಸಿಕೊಂಡು, ಗಂಟಲಿಗೆ ಕೈ ಮುಟ್ಟಿಸಿ, ಅಕ್ಷರ ಅಕ್ಷರವಾಗಿ ಕಲಿಸಿದ್ದರು. ವಾಳೆಯ (ಇಗರ್ಜಿಯ ವಾರ್ಡಿನ) ಪ್ರಾರ್ಥನಾ ಕೂಟದಲ್ಲಿ ಹೇಳಿಸಿದಾಗ ಅದರ ಮುಖಂಡರಾದ ಗುರ್ಕಾರರ ಕಣ್ಣಲ್ಲಿ ನೀರು ಬಂದಿತ್ತಂತೆ.

ಈ ಪ್ರಕರಣದ ತಿರುಳು ಇಲ್ಲೇ ಇದೆ. ಕಥೊಲಿಕ ಮನೆಗಳಲ್ಲಿ ಕಣ್ಣಿಗೆ ಕಾಣುವುದು ಬಹಳ. ಮೊಂಬತ್ತಿ, ಪ್ರತಿಮೆ, ಗೋದಲಿ, ಮೆರವಣಿಗೆ, ಮೊಣಕಾಲೂರುವುದು, ತೀರ್ಥ. ಕಿವಿ ಕೇಳದ ಮಗು ಇದನ್ನೆಲ್ಲ ನೋಡಿ ಹಾಗೇ ಮಾಡುತ್ತದೆ, ತುಂಬಾ ಚೆನ್ನಾಗಿ ಮಾಡುತ್ತದೆ. ನೋಡುವವರಿಗೆ ಅದು ವಿಶ್ವಾಸದಂತೆ ಕಾಣುತ್ತದೆ. ಒಳಗೆ ಏನಿದೆ ಅಂತ ತಿಳಿಯಬೇಕಾದರೆ ಆ ಮಗು ಒಂದು ಪ್ರಶ್ನೆ ಕೇಳಬೇಕು. ಜೆನಿ ಅಲ್ಲಿಯವರೆಗೆ ದೇವರ ಬಗ್ಗೆ ಒಂದೂ ಪ್ರಶ್ನೆ ಕೇಳಿರಲಿಲ್ಲ. ಕೇಳಲು ಅವಳ ಹತ್ತಿರ ಭಾಷೆಯೇ ಇರಲಿಲ್ಲ ಅಲ್ವಾ?

ಅವಳಿಗೆ ಇದ್ದದ್ದು ಮನೆಯಲ್ಲೇ ಹುಟ್ಟಿಕೊಂಡ ಕೆಲವು ಸನ್ನೆಗಳು. ಊಟ, ನೀರು, ಬಸ್ಸು, ಅಪ್ಪ, ಬೇಡ, ನಾಯಿ ಇಂಥವು. 'ನಿನ್ನೆ', 'ಯಾಕೆ', 'ಯಾರು ಹೇಳಿದ್ದು', 'ಒಂದು ವೇಳೆ' ಯಾವುದೂ ಇಲ್ಲ. 'ಯಾಕೆ' ಇಲ್ಲದ ಮಗುವಿಗೆ ಪಾಪ, ಕ್ಷಮೆ, ಪುನರುತ್ಥಾನ ಹೇಗೆ ಹೇಳುತ್ತೀರಿ?

ಮೊದಲು ಮಾಡಿ ನೋಡಿದ್ದು

ನಾನು ಹೋಗುವ ಮುಂಚೆ ಮನೆಯವರು ಸುಮ್ಮನೆ ಕೂತಿರಲಿಲ್ಲ. ಅಜ್ಜಿ ಮಗುವನ್ನು ಒಂದರ ಹಿಂದೆ ಒಂದು ಧ್ಯಾನಕೂಟಕ್ಕೆ ಕರೆದುಕೊಂಡು ಹೋಗಿದ್ದರು. ಎಲ್ಲ ಕಡೆಯೂ ಯಾರೋ ಅವಳ ಕಿವಿಯ ಮೇಲೆ ಕೈಯಿಟ್ಟು ಜೋರಾಗಿ ಪ್ರಾರ್ಥಿಸಿದರು, ಆಮೇಲೆ ಹಿಂದಿನಿಂದ ಚಪ್ಪಾಳೆ ಹೊಡೆದು ತಿರುಗುತ್ತಾಳಾ ಅಂತ ನೋಡಿದರು. ತಿರುಗದಿದ್ದಾಗ ಸುತ್ತಲಿನವರ ಮುಖ ಬಾಡುವುದನ್ನು ಆ ಮಗು ಪ್ರತಿ ಸಲ ನೋಡಿತು. ಅಜ್ಜಿಯ ನಂಬಿಕೆಗೆ ಆಧಾರವೂ ಇತ್ತು. ನಮ್ಮಲ್ಲಿ ದೀಕ್ಷಾಸ್ನಾನದ ಹೊತ್ತಲ್ಲಿ ಪಾದ್ರಿಗಳು ಮಗುವಿನ ಕಿವಿ, ಬಾಯಿ ಮುಟ್ಟಿ ಪ್ರಾರ್ಥಿಸುವ ಒಂದು ವಿಧಿ ಇದೆ. ಮಾರ್ಕನ ಶುಭಸಂದೇಶದ 7ನೇ ಅಧ್ಯಾಯದಲ್ಲಿ ಯೇಸು ಕಿವುಡನಿಗೆ 'ಎಫ್ಫಥಾ', ತೆರೆಯಲಿ, ಅಂದ ಘಟನೆಯಿಂದ ಬಂದದ್ದು. ಅದನ್ನು ಮಾಡಿಸಿಯೂ ಯಾಕೆ ತೆರೆಯಲಿಲ್ಲ ಅನ್ನುವುದು ಅಜ್ಜಿಯ ಕೊರಗು.

ಧರ್ಮೋಪದೇಶದ ಟೀಚರ್ ಬೇರೆ ದಾರಿ ಹಿಡಿದರು. ಬಣ್ಣದ ಚಿತ್ರಗಳ ಬೈಬಲ್ ಕೊಟ್ಟು ಮುಂದಿನ ಬೆಂಚಿನಲ್ಲಿ ಕೂರಿಸಿದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಚಿತ್ರ ತನ್ನಷ್ಟಕ್ಕೆ ತಾನು ಕಥೆ ಹೇಳುವುದಿಲ್ಲ. ಶಿಲುಬೆಯ ಚಿತ್ರ ನೋಡಿದ ಮಗುವಿಗೆ ಒಬ್ಬ ಮನುಷ್ಯನನ್ನು ಮೊಳೆ ಹೊಡೆದು ಸಾಯಿಸಿದ್ದಾರೆ ಅಂತ ಮಾತ್ರ ತಿಳಿಯುತ್ತದೆ, ಯಾಕೆ ಅಂತ ತಿಳಿಯುವುದಿಲ್ಲ. 18ನೇ ಶತಮಾನದ ಪ್ಯಾರಿಸ್ಸಿನಲ್ಲೂ ಇದೇ ಆಗಿತ್ತು. ಇಬ್ಬರು ಕಿವುಡ ಅಕ್ಕತಂಗಿಯರಿಗೆ ಒಬ್ಬ ಪಾದ್ರಿ ಚಿತ್ರ ತೋರಿಸಿ ಧರ್ಮೋಪದೇಶ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಹುಡುಗಿಯರನ್ನು ವಹಿಸಿಕೊಂಡ ಅಬೆ ದ ಲೆಪೆ ಅನ್ನುವ ಇನ್ನೊಬ್ಬ ಪಾದ್ರಿಗೆ ಚಿತ್ರ ಸಾಲದು ಅಂತ ಗೊತ್ತಾಯಿತು. ಅವರು ಸನ್ನೆಯ ದಾರಿ ಹಿಡಿದರು. ಕಿವುಡ ಮಕ್ಕಳ ಹೆಸರಾಂತ ಪ್ಯಾರಿಸ್ ಶಾಲೆ ಹುಟ್ಟಿದ್ದು ಹಾಗೆ. ಈ ಹುಡುಗಿಯರು ದೇವರನ್ನು ಅರಿಯದೆ ಉಳಿಯಬಾರದು ಅನ್ನುವ ಕಳಕಳಿಯಿಂದ.

ಡೆಫ್ ಟೀಚರ್ ಬಂದರು

ನಾನು ಹೇಳಿದ್ದು ಒಂದೇ ಮಾತು. ಧರ್ಮೋಪದೇಶ ಆಮೇಲೆ, ಮೊದಲು ಮನೆಗೆ ಒಂದು ಭಾಷೆ ಬರಲಿ. ಅದನ್ನು ಕಲಿಸುವವರು ಕಿವಿ ಕೇಳದವರೇ ಆಗಿರಲಿ. ಪಕ್ಕದ ತಾಲೂಕಿನಲ್ಲಿ ಹೊಲಿಗೆ ಕೆಲಸ ಮಾಡುವ ಒಬ್ಬ ಯುವತಿ ಇದ್ದರು. ಹುಟ್ಟಿನಿಂದ ಕಿವಿ ಕೇಳದು. ಹಾಸ್ಟೆಲ್ ಇರುವ ಕಿವುಡರ ಶಾಲೆಯಲ್ಲಿ ಓದಿದವರು, ಒಳ್ಳೆಯ ವಿಶ್ವಾಸಿ. ತರಗತಿಯಲ್ಲಿ ತುಟಿ ಓದುವುದನ್ನೇ ಕಲಿಸಿದರೂ ಸನ್ನೆ ಭಾಷೆಯನ್ನು ಹಾಸ್ಟೆಲಿನಲ್ಲಿ ದೊಡ್ಡ ಮಕ್ಕಳಿಂದ ಕಲಿತೆ ಅಂತ ಅವರು ಹೇಳುತ್ತಿದ್ದರು. ನಮ್ಮ ರಾಜ್ಯದ ಎಷ್ಟೋ ಡೆಫ್ ಹಿರಿಯರ ಕಥೆ ಇದೇ. ಭಾನುವಾರ ಪೂಜೆಯ ನಂತರ ಅವರು ಜೆನಿಯ ಮನೆಗೆ ಬರತೊಡಗಿದರು. ನಾನು ನಡುವೆ ಕೂತು ದೊಡ್ಡವರಿಗೆ ಬಿಡಿಸಿ ಹೇಳುತ್ತಿದ್ದೆ.

ಮೊದಲ ಕೆಲವು ತಿಂಗಳು ಯೇಸುವಿನ ಹೆಸರೇ ಎತ್ತಲಿಲ್ಲ. ತರಕಾರಿ, ಜಗಳ, ನಿನ್ನೆ ಏನಾಯಿತು, ನಾಳೆ ಯಾರು ಬರುತ್ತಾರೆ, ಯಾಕೆ ಅಳುತ್ತಿ ಇಂಥದ್ದೇ. ವಾರದ ನಡುವೆ ಅಮ್ಮ ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರದ ನಿಘಂಟಿನ ವಿಡಿಯೋ ನೋಡಿ ಕಲಿತರು. 2018ರಲ್ಲಿ 3,000 ಪದಗಳಿಂದ ಶುರುವಾದ ಆ ನಿಘಂಟು 2021ಕ್ಕೆ 10,000 ಪದ ಮುಟ್ಟಿತ್ತು, ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತದೆ. ಅಣ್ಣ ಎಲ್ಲರಿಗಿಂತ ಬೇಗ ಕಲಿತ. ಅಜ್ಜಿ ದೂರದಲ್ಲಿ ಕೂತು ನೋಡುತ್ತಿದ್ದರು. ಇಷ್ಟಾದರೆ ಇನ್ನು ಮಾತು ಬರುವುದೇ ಇಲ್ಲ ಅಂತ ಅವರ ಅಸಮಾಧಾನ.

ಭಾಷೆ ಸ್ವಲ್ಪ ಕೈಗೆ ಬಂದ ಮೇಲೆ ಟೀಚರ್ ಒಂದು ದಿನ ಜಪಸರ ತೋರಿಸಿ ಇದನ್ನು ಯಾಕೆ ಮಾಡುತ್ತೀರಿ ಅಂತ ಜೆನಿಯನ್ನು ಕೇಳಿದರು. ಜೆನಿ ತಡಮಾಡದೆ ಉತ್ತರಿಸಿದಳು: ಮಣಿ ಮುಗಿದರೆ ಊಟ ಬಡಿಸುತ್ತಾರೆ. ಅಮ್ಮ ಎದ್ದು ಒಳಗೆ ಹೋದರು. ಅವಳು ಹೇಳಿದ್ದು ತಪ್ಪೇನೂ ಅಲ್ಲ, ದಿನಾ ಆ ಮನೆಯಲ್ಲಿ ನಡೆಯುತ್ತಿದ್ದದ್ದು ಅದೇ. ಅವಳು ನೋಡಿದ್ದನ್ನು ಸರಿಯಾಗಿಯೇ ಓದಿಕೊಂಡಿದ್ದಳು.

ಅಲ್ಲಿಂದ ಮನೆಯ ಪ್ರಾರ್ಥನೆ ಬದಲಾಯಿತು. ಇದು ಸಣ್ಣ ವಿಷಯ ಅಂತ ಕಾಣಬಹುದು, ಆದರೆ ಬೇರೆ ಮನೆಗಳಿಗೆ ಹೆಚ್ಚು ಉಪಯೋಗ ಆಗುವುದು ಇದೇ. ಕೈಯಲ್ಲಿ ಮಣಿ ಹಿಡಿದರೆ ಆ ಕೈಯಲ್ಲಿ ಸನ್ನೆ ಮಾಡುವುದು ಕಷ್ಟ, ಹಾಗಾಗಿ ಜಪಸರವನ್ನು ಮೇಜಿನ ಮೇಲೆ ಹರಡಿ ಅಜ್ಜಿ ಒಬ್ಬರೇ ಮಣಿ ಸರಿಸತೊಡಗಿದರು. ಕಣ್ಣು ಮುಚ್ಚಿ ಪ್ರಾರ್ಥಿಸುವುದು ನಿಂತಿತು, ಯಾಕೆಂದರೆ ಕಣ್ಣು ಮುಚ್ಚಿದರೆ ಜೆನಿಗೆ ಪ್ರಾರ್ಥನೆಯೇ ನಿಂತುಹೋಗುತ್ತದೆ. ಸಾಲಾಗಿ ದೇವರ ಪೀಠದ ಕಡೆ ತಿರುಗಿ ಕೂರುವ ಬದಲು ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ಅರ್ಧ ವೃತ್ತವಾಗಿ ಕೂತರು. ಮೊಂಬತ್ತಿ ಹಿಂದೆ ಇದ್ದರೆ ಸನ್ನೆ ಮಾಡುವವರ ಮುಖ ಕಪ್ಪಾಗಿ ಕಾಣುತ್ತದೆ, ಅದನ್ನು ಮುಂದೆ ತಂದರು. ರಹಸ್ಯ ಅಂದರೆ ಜಪಸರದಲ್ಲಿ ನೆನೆಯುವ ಯೇಸು, ಮರಿಯರ ಬದುಕಿನ ಘಟನೆ. ಐದು ರಹಸ್ಯಗಳ ಬದಲು ದಿನಕ್ಕೆ ಒಂದೇ ರಹಸ್ಯ. ಅದರ ಕಥೆಯನ್ನು ಅಣ್ಣ ಸನ್ನೆಯಲ್ಲಿ ಹೇಳಬೇಕು, ಜೆನಿ ಅದನ್ನು ತಿರುಗಿ ಹೇಳಬೇಕು.

ಅವಳಿಗೆ ತುಂಬಾ ಹಿಡಿಸಿದ್ದು ಲೂಕನ ಮೊದಲ ಅಧ್ಯಾಯದ ಜಕರೀಯನ ಕಥೆ. ಮಾತು ನಿಂತುಹೋದ ಮುದುಕ, ಮಗುವಿಗೆ ಏನು ಹೆಸರಿಡುತ್ತೀ ಅಂತ ನೆಂಟರು ಅವನನ್ನು ಸನ್ನೆ ಮಾಡಿ ಕೇಳುತ್ತಾರೆ, ಅವನು ಹಲಗೆ ತರಿಸಿ ಬರೆದು ತೋರಿಸುತ್ತಾನೆ. ಬೈಬಲಿನಲ್ಲಿ ದೊಡ್ಡವರು ಸನ್ನೆ ಮಾಡುತ್ತಾರೆ ಅಂತ ಗೊತ್ತಾದ ದಿನ ಆ ಭಾಗವನ್ನು ಮತ್ತೆ ಮತ್ತೆ ಹೇಳಿಸಿಕೊಂಡಳು.

ಸಮಾಧಿಯ ಹತ್ತಿರ

ದೊಡ್ಡ ತಿರುವು ಬಂದದ್ದು ನವೆಂಬರ್ 2ರಂದು, ಸತ್ತವರ ಸ್ಮರಣೆಯ ದಿನ. ಎಲ್ಲರಂತೆ ಇವರೂ ಇಗರ್ಜಿಯ ಸಮಾಧಿ ತೋಟಕ್ಕೆ ಹೂ, ಮೊಂಬತ್ತಿ ತೆಗೆದುಕೊಂಡು ಹೋದರು. ಅಜ್ಜ ತೀರಿಕೊಂಡು ಕೆಲವು ವರ್ಷ ಆಗಿತ್ತು. ಆಗ ಜೆನಿಗೆ ಯಾರೂ ಏನೂ ಹೇಳಿರಲಿಲ್ಲ, ಹೇಳಲು ಗೊತ್ತಿರಲಿಲ್ಲ. ಪೆಟ್ಟಿಗೆಯಲ್ಲಿ ಮಲಗಿಸಿದರು, ಮಣ್ಣು ಹಾಕಿದರು, ಎಲ್ಲರೂ ಅತ್ತರು, ಮನೆಗೆ ಬಂದರು. ಅವಳು ಅದನ್ನೆಲ್ಲ ನೋಡಿದ್ದಳು.

ಆ ಸಂಜೆ ಅವಳು ಅಮ್ಮನ ಕೈ ಹಿಡಿದೆಳೆದು ಸನ್ನೆಯಲ್ಲಿ ಕೇಳಿದಳು: ಅಜ್ಜ ಒಳಗೆ ಇದ್ದಾರಾ? ಊಟ ಯಾರು ಕೊಡುತ್ತಾರೆ? ಕೆಟ್ಟ ಕೆಲಸ ಮಾಡಿದ್ದಕ್ಕೆ ಹಾಕಿದ್ದಾ?

ಅಮ್ಮನಿಗೆ ಒಂದು ವರ್ಷದ ಸನ್ನೆ ಭಾಷೆ ಕೈಯಲ್ಲಿತ್ತು. ಅಲ್ಲೇ ಸಮಾಧಿಯ ಪಕ್ಕದಲ್ಲಿ ಕೂತು ಹೇಳಿದರು. ಮೈ ಮಾತ್ರ ಇಲ್ಲಿ, ಅದಕ್ಕೆ ಹಸಿವಿಲ್ಲ, ನೋವಿಲ್ಲ. ಅಜ್ಜ ಒಳ್ಳೆಯವರು. ಅಜ್ಜ ಯೇಸುವಿನ ಹತ್ತಿರ ಇದ್ದಾರೆ. ಯೇಸುವನ್ನೂ ಹೀಗೇ ಮಲಗಿಸಿದ್ದರು, ಮೂರನೆಯ ದಿನ ಎದ್ದರು. ಅಜ್ಜನೂ ಎದ್ದೇಳುತ್ತಾರೆ, ನಾವು ನೋಡುತ್ತೇವೆ. ಜೆನಿ ತಿರುಗಿ ಕೇಳಿದಳು: ನಾಳೆಯಾ? ಅಲ್ಲ, ಯಾವಾಗ ಅಂತ ದೇವರಿಗೆ ಗೊತ್ತು. ಅಷ್ಟು ವರ್ಷ ಆ ಮಗು ಅಜ್ಜ ಹಸಿದುಕೊಂಡು ಮಣ್ಣಿನೊಳಗೆ ಇದ್ದಾರೆ ಅಂದುಕೊಂಡು ಬದುಕಿತ್ತು. ಹೂ ಹಾಕುತ್ತಿತ್ತು, ಮೊಂಬತ್ತಿ ಹಚ್ಚುತ್ತಿತ್ತು, ಶಿಲುಬೆ ಗುರುತು ಹಾಕುತ್ತಿತ್ತು.

ಇದನ್ನು ನೋಡಿದ ಅಜ್ಜಿ ಮರುದಿನ ತಾವಾಗಿಯೇ ಕೇಳಿದ್ದು, 'ಯೇಸು' ಅಂತ ಹೇಗೆ ತೋರಿಸುವುದು ಮಗಳೇ ಅಂತ. ಅವರು ಇವತ್ತಿಗೂ ಪೂರ್ತಿ ಕಲಿತಿಲ್ಲ, ಕೆಲವೇ ಸನ್ನೆ ಬರುತ್ತವೆ. ಆದರೆ ಕೈ ಬಳಸಬೇಡ ಅನ್ನುವುದನ್ನು ಬಿಟ್ಟರು.

ಅದಾದ ಮೇಲೆ ಪ್ರಶ್ನೆಗಳು ನಿಲ್ಲಲಿಲ್ಲ. ನನಗೆ ಹೆದರಿಕೆ ಇದ್ದ ಪ್ರಶ್ನೆಯೂ ಬಂತು. ಯೇಸು ಆ ಮನುಷ್ಯನ ಕಿವಿ ಸರಿ ಮಾಡಿದರು, ನನ್ನದು ಯಾಕೆ ಮಾಡಲಿಲ್ಲ, ನನ್ನ ಮೇಲೆ ಸಿಟ್ಟಾ? ಧ್ಯಾನಕೂಟಗಳಲ್ಲಿ ನೋಡಿದ ಬಾಡಿದ ಮುಖಗಳು ಎಲ್ಲಿ ಹೋಗಿ ಕೂತಿದ್ದವು ಅಂತ ಆಗ ಗೊತ್ತಾಯಿತು. ಕಿವಿ ಕೇಳುವ ನಾನು ಏನೇ ಹೇಳಿದ್ದರೂ ಅದು ಸಮಾಧಾನದ ಮಾತಾಗುತ್ತಿತ್ತು. ಟೀಚರ್ ಹೇಳಿದ್ದು ಇಷ್ಟೇ: ನನ್ನ ಕಿವಿಯೂ ಕೇಳುವುದಿಲ್ಲ, ನಾನು ಕೆಟ್ಟವಳಾ? ಜೆನಿ ಜೋರಾಗಿ ತಲೆ ಅಲ್ಲಾಡಿಸಿ ಅಲ್ಲ ಅಂದಳು. ಆಮೇಲೆ ಇಬ್ಬರೂ ಕೂತು ಮಾರ್ಕನ ಆ ಭಾಗವನ್ನು ಆಡಿ ನೋಡಿದರು. ಯೇಸು ಅವನನ್ನು ಗುಂಪಿನಿಂದ ಬೇರೆ ಕರೆದುಕೊಂಡು ಹೋಗುತ್ತಾರೆ, ಕಿವಿಗೆ ಬೆರಳಿಡುತ್ತಾರೆ, ನಾಲಿಗೆ ಮುಟ್ಟುತ್ತಾರೆ, ಆಕಾಶ ನೋಡುತ್ತಾರೆ. ಅವನಿಗೆ ಕೇಳಿಸುವ ಮುಂಚೆಯೇ ಏನು ನಡೆಯುತ್ತಿದೆ ಅಂತ ಅವನಿಗೆ ಅರ್ಥ ಆಗುವ ರೀತಿಯಲ್ಲಿ. ಹಾಗಾದರೆ ಯೇಸುವಿಗೆ ಸನ್ನೆ ಬರುತ್ತದೆ ಅನ್ನುವುದು ಜೆನಿಯ ತೀರ್ಮಾನ.

ಪರಮಪ್ರಸಾದ: ಕೊಟ್ಟುಬಿಡೋಣವೇ, ಕಾಯೋಣವೇ

ಅವಳ ಓರಗೆಯ ಮಕ್ಕಳು ಮೊದಲ ಪರಮಪ್ರಸಾದಕ್ಕೆ (ಪೂಜೆಯಲ್ಲಿ ಯೇಸುವಿನ ಶರೀರವೆಂದು ನಂಬಿ ಸ್ವೀಕರಿಸುವ ರೊಟ್ಟಿಗೆ) ತಯಾರಾಗುವಾಗ ಇಗರ್ಜಿಯ ಮುಖ್ಯ ಪಾದ್ರಿ, ವಿಗಾರ್ ಫಾದರ್, ಮನೆಗೆ ಬಂದು, ಇವಳಿಗೆ ಪರೀಕ್ಷೆ ಏನೂ ಬೇಡ, ಎಲ್ಲರ ಜೊತೆ ಕೊಟ್ಟುಬಿಡೋಣ ಅಂದರು. ಒಳ್ಳೆಯ ಮನಸ್ಸು ಅವರದ್ದು. ಹೆಚ್ಚಿನ ಮನೆಗಳು ಇದನ್ನು ಸಂತೋಷದಿಂದ ಒಪ್ಪುತ್ತವೆ. ಅಮ್ಮ ಒಪ್ಪಲಿಲ್ಲ. 'ಫಾದರ್, ಪಾಪ ಅಂತ ಕೊಡಬೇಡಿ. ಅವಳು ಕೇಳುತ್ತಿದ್ದಾಳೆ, ಕೇಳಿ ಮುಗಿಸಲಿ.' ಒಂದು ವರ್ಷ ಕಾಯುವುದು ಅಂತ ಆಯಿತು.

ಈ ನಿರ್ಧಾರದ ಬಗ್ಗೆ ಬೇರೆ ಅಭಿಪ್ರಾಯ ಇದೆ, ಅದನ್ನೂ ಹೇಳಬೇಕು. ಚರ್ಚಿನ ಕಾನೂನಿನ 913ನೇ ನಿಯಮ ಮಕ್ಕಳಿಂದ ಬಯಸುವುದು ತಮ್ಮ ಮಟ್ಟಕ್ಕೆ ತಕ್ಕ ತಿಳುವಳಿಕೆಯನ್ನು, ಜಪ ಬಾಯಿಪಾಠವನ್ನಲ್ಲ. ಭಾಷೆ ಬಾರದ ಮಗುವಿಗೆ ಅದು ಬರುವವರೆಗೂ ಸಂಸ್ಕಾರ ಕೊಡದೆ ಇಡುವುದು ಕ್ರೂರವಾಗಬಹುದು, ಬುದ್ಧಿಮಾಂದ್ಯತೆಯೂ ಇರುವ ಮಕ್ಕಳಲ್ಲಿ ನಾನು ಕಾಯಿರಿ ಅಂತ ಯಾವತ್ತೂ ಹೇಳುವುದಿಲ್ಲ. ಜೆನಿಯ ವಿಷಯ ಬೇರೆ. ಅವಳು ದಾರಿಯಲ್ಲಿ ಇದ್ದಳು, ವೇಗವಾಗಿ ಬರುತ್ತಿದ್ದಳು, ಆ ವರ್ಷವನ್ನು ಅವಳಿಂದ ಕಿತ್ತುಕೊಳ್ಳಬಾರದಿತ್ತು.

ಪರಮಪ್ರಸಾದಕ್ಕೆ ಮುಂಚೆ ಮಾಡುವ ಪಾಪನಿವೇದನೆ, ಅಂದರೆ ಪಾದ್ರಿಯ ಹತ್ತಿರ ತಪ್ಪು ಒಪ್ಪಿಕೊಳ್ಳುವುದೇ ಕಷ್ಟದ ಭಾಗ. ದುಭಾಷಿಯ ಮೂಲಕ ಮಾಡಬಹುದು ಅಂತ 990ನೇ ನಿಯಮ ಹೇಳುತ್ತದೆ, ದುಭಾಷಿಯೂ ಗುಟ್ಟು ಕಾಯಬೇಕು ಅಂತ 983ನೇ ನಿಯಮ. ಆದರೆ ಆ ಊರಿನಲ್ಲಿ ಸನ್ನೆ ಬರುವವರು ಅಮ್ಮ, ಅಣ್ಣ, ಟೀಚರ್, ನಾನು. ಅಣ್ಣನ ಪೆನ್ಸಿಲ್ ಕದ್ದದ್ದನ್ನು ಅಣ್ಣನ ಮೂಲಕವೇ ಹೇಳಿಸುವುದು ಹೇಗೆ? ಬರೆಯಲು ಅವಳ ಕನ್ನಡ ಸಾಲದು. ಕೊನೆಗೆ ಫಾದರ್ ತಾವೇ ಟೀಚರ್ ಹತ್ತಿರ ಬೇಕಾದಷ್ಟು ಸನ್ನೆ ಕಲಿತರು. ಜಾಲರಿಯ ಪೆಟ್ಟಿಗೆ ಬಿಟ್ಟು, ಬಾಗಿಲು ತೆರೆದ ಕೋಣೆಯಲ್ಲಿ, ಎಲ್ಲರ ಕಣ್ಣಿಗೆ ಕಾಣುವ ಆದರೆ ಕೈ ಕಾಣದ ಜಾಗದಲ್ಲಿ ಎದುರುಬದುರು ಕೂತರು. ಜೆನಿ ಕೆಲವನ್ನು ಚಿತ್ರ ಬರೆದು ತೋರಿಸಿದಳು. ಆ ಕಾಗದವನ್ನು ಫಾದರ್ ಅವಳ ಕಣ್ಣೆದುರೇ ಹರಿದು ಸುಟ್ಟರು. ಕ್ಷಮೆ ಅಂದರೆ ಏನು ಅಂತ ಅವಳಿಗೆ ಚೆನ್ನಾಗಿ ಗೊತ್ತಾದದ್ದು ಆವಾಗಲೇ ಅಂತ ನನ್ನ ಅಂದಾಜು.

2024ರ ಮೇ ತಿಂಗಳಲ್ಲಿ ಕೇರಳದ ತ್ರಿಶ್ಶೂರಿನಲ್ಲಿ ಜೋಸೆಫ್ ತೇರ್ಮಠಂ ಅವರಿಗೆ ಗುರುದೀಕ್ಷೆ ಆಯಿತು. ಭಾರತದ ಮೊದಲ ಕಿವುಡ ಪಾದ್ರಿ ಅವರು. ಫಾದರ್ ಆ ವಿಡಿಯೋ ತಂದು ತೋರಿಸಿದಾಗ ಪಾದ್ರಿಯೊಬ್ಬರು ಸನ್ನೆಯಲ್ಲೇ ಪೂಜೆ ಮಾಡುವುದನ್ನು ಜೆನಿ ರೆಪ್ಪೆ ಮಿಟುಕಿಸದೆ ನೋಡಿದಳು. ಆಮೇಲೆ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಅದನ್ನೇ ಹೇಳಿದಳು. ಅಪ್ಪ ಅಷ್ಟರಲ್ಲಿ ಸನ್ನೆ ಕಲಿಯಲು ಶುರುಮಾಡಿದ್ದರು. ವರ್ಷಗಟ್ಟಲೆ ಫೋನು ಅಂದರೆ ಅಮ್ಮನ ಕಿವಿಗೆ ಹೋಗುವ ವಸ್ತು ಆಗಿತ್ತು, ಜೆನಿಗೆ ಅಪ್ಪ ಸಿಕ್ಕಿದ್ದು ವಿಡಿಯೋ ಕಾಲಿನಿಂದ.

ಈಗ ಎಲ್ಲಿದೆ

ಎಲ್ಲ ಸರಾಗವಾಗಿ ಹೋಗಲಿಲ್ಲ. ಆ ಫಾದರಿಗೆ ವರ್ಗಾವಣೆ ಆಯಿತು. ಧರ್ಮೋಪದೇಶದ ತರಗತಿಗೆ ಹೊಸ ಟೀಚರ್ ಬಂದರು, ಅವರು ಬೋರ್ಡಿಗೆ ಮುಖ ಮಾಡಿ ಮಾತಾಡುತ್ತಾರೆ. ಹಿಂದಿನ ತರಗತಿಯ ಮಕ್ಕಳು ಬೇಗ ಸನ್ನೆ ಕಲಿತಿದ್ದರು, ಹೊಸ ಗುಂಪಿಗೆ ಅದೆಲ್ಲ ಹೊಸದು. ಒಬ್ಬ ಒಳ್ಳೆಯ ಪಾದ್ರಿ, ಒಬ್ಬ ಒಳ್ಳೆಯ ಟೀಚರ್ ಮೇಲೆ ನಿಂತ ವ್ಯವಸ್ಥೆ ಅವರು ಹೋದಾಗ ಕುಸಿಯುತ್ತದೆ. ಇಲ್ಲಿ ಪೂರ್ತಿ ಕುಸಿಯದೆ ಇದ್ದದ್ದು ಭಾಷೆ ಮನೆಯೊಳಗೆ ಬಂದಿದ್ದರಿಂದ. ಬೇರೆ ಕುಟುಂಬಗಳು ಕೇಳಿದಾಗ ನಾನು ಮೊದಲು ಹೇಳುವುದೂ ಅದನ್ನೇ. ಇಗರ್ಜಿಯಲ್ಲಿ ದುಭಾಷಿ ಬೇಕು ಅಂತ ಓಡಾಡುವ ಮುಂಚೆ ಊಟದ ಮೇಜಿನಲ್ಲಿ ಎಲ್ಲರೂ ಸನ್ನೆ ಮಾಡುತ್ತೀರಾ ನೋಡಿಕೊಳ್ಳಿ, ಹತ್ತಿರದಲ್ಲಿ ಒಬ್ಬ ಡೆಫ್ ವಿಶ್ವಾಸಿಯನ್ನು ಹುಡುಕಿ, ಅವರಿಗೆ ಬಸ್ ಚಾರ್ಜು ಮತ್ತು ಸಂಬಳ ಎರಡೂ ಕೊಡಿ. ಸೇವೆ ಅಂತ ಪುಕ್ಕಟೆ ಮಾಡಿಸಬೇಡಿ.

ಜೆನಿಗೆ ಈಗ ಹನ್ನೆರಡು. ಅವಳಿಗೆ ಹೊಸದೊಂದು ಆಸೆ. ಭಾನುವಾರದ ಪೂಜೆಯಲ್ಲಿ ಮೊದಲು ಓದುವ ಬೈಬಲ್ ಭಾಗವನ್ನು, ಅಂದರೆ ಮೊದಲ ವಾಚನವನ್ನು, ತಾನು ಸನ್ನೆಯಲ್ಲಿ ಓದಬೇಕು, ಅಣ್ಣ ಅದಕ್ಕೆ ಧ್ವನಿ ಕೊಡಬೇಕು. ಹೊಸ ವಿಗಾರ್ ಒಪ್ಪಿದ್ದಾರೆ. ಪಾಲನಾ ಮಂಡಳಿಯ ಒಬ್ಬರು, ಇಗರ್ಜಿಯಲ್ಲಿ ಕಿವಿ ಕೇಳದವಳು ಇವಳೊಬ್ಬಳೇ, ಯಾರಿಗೋಸ್ಕರ ಸನ್ನೆಯಲ್ಲಿ ಓದುವುದು ಅಂತ ಕೇಳಿದರು. ಅಮ್ಮ ಆಕ್ಷೇಪಿಸಲಿಲ್ಲ. ಪಕ್ಕದ ಇಗರ್ಜಿಗಳಲ್ಲಿ ಕಿವಿ ಕೇಳದ ಮಕ್ಕಳಿರುವ ಎರಡು ಮನೆಗಳಿಗೆ ಹೋಗಿ ಆ ಭಾನುವಾರ ಬನ್ನಿ ಅಂತ ಕರೆದು ಬಂದಿದ್ದಾರೆ. ಮುಂದಿನ ಎರಡು ಬೆಂಚು ಖಾಲಿ ಇಡಿ ಅಂತ ವಿಗಾರ್ ಹತ್ತಿರ ಹೇಳಿದ್ದಾರೆ.